ಅತ್ತೆಯ ಪಾಲು: ಆನ್‌ಲೈನ್ ಕಾನೂನು ಹುಡುಕಾಟದಲ್ಲಿ ನಾನು ಎಡವಿದ್ದು

ದನಿ ಕೇಳಿಸ್ತಿದೆ ಅಂದುಕೊಂಡು ಶುರು ಮಾಡ್ತೀನಿ. ನಾನು ಹಿಂದೂಪುರದವನು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ತರಗತಿಯಲ್ಲಿ ಇಂಗ್ಲಿಷು. ಜಾಲತಾಣಗಳ ಪಟ್ಟಿ ಒಪ್ಪಿಸುವ ಬದಲು, ಅವನ್ನು ಬಳಸುವಾಗ ನಾನು ಮಾಡಿದ ಒಂದು ತಪ್ಪನ್ನು ವಿವರಿಸುತ್ತೇನೆ.

ನಮ್ಮ ತಾತ ತೀರಿಕೊಂಡದ್ದು 2001ರಲ್ಲಿ. ಅಜ್ಜಿ ಅದಕ್ಕೂ ಮುಂಚೆಯೇ ಹೋಗಿದ್ದರು. ಪಿತ್ರಾರ್ಜಿತ ಜಮೀನು ಸ್ವಲ್ಪ ಹಿಂದೂಪುರದ ಕಡೆ, ಸ್ವಲ್ಪ ಗಡಿಯಾಚೆ ಗೌರಿಬಿದನೂರು ತಾಲ್ಲೂಕಿನಲ್ಲಿ. ಮಕ್ಕಳು ಇಬ್ಬರೇ, ನಮ್ಮಪ್ಪ ಮತ್ತು ಸೋದರತ್ತೆ. ಅತ್ತೆಯ ಮದುವೆ ಆದದ್ದು 1983ರಲ್ಲಿ. "ಲಾ ಓದ್ತಿದ್ದೀಯಲ್ಲಪ್ಪ, ನನಗೆಷ್ಟು ಬರುತ್ತೆ ನೋಡಿ ಹೇಳು" ಅಂದರು.

ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಕೊಡುವ ತಿದ್ದುಪಡಿಯನ್ನು ಆಂಧ್ರ 1985ರ ಸೆಪ್ಟೆಂಬರ್ 5ರಿಂದ ಜಾರಿಗೆ ತಂದಿತು, ಕರ್ನಾಟಕ 1994ರ ಜುಲೈ 30ರಿಂದ. ವಿಷಯ ಒಂದೇ, ಕಲಮು ಬೇರೆ: ಅಲ್ಲಿ 29ಎ, ಇಲ್ಲಿ 6ಎ. ಹುಡುಕುವ ಪೆಟ್ಟಿಗೆಯಲ್ಲಿ ಬರೀ 6ಎ ಅಂತ ಹಾಕಿದರೆ ಆಂಧ್ರದ ತೀರ್ಪುಗಳು ಕೈತಪ್ಪುತ್ತವೆ. ಎರಡೂ ಕಲಮುಗಳು ಮೊದಲೇ ಮದುವೆಯಾದವರನ್ನು ಹೊರಗಿಟ್ಟಿದ್ದವು. ಅತ್ತೆಗೆ ಉಳಿದದ್ದು 2005ರ ಕೇಂದ್ರ ತಿದ್ದುಪಡಿ ಮಾತ್ರ.

ನನಗೆ ಸಿಕ್ಕಿದ್ದು 2015ರ ಪ್ರಕಾಶ್ ವಿರುದ್ಧ ಫೂಲವತಿ ತೀರ್ಪು. 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕು ಅಂತ ಅದರಲ್ಲಿದೆ. ತಾತ ಇರಲಿಲ್ಲವಲ್ಲ! ತಾತನ ಅರ್ಧದಲ್ಲಿ ಅರ್ಧ, ಅಂದರೆ ಒಟ್ಟಾರೆ ಕಾಲು ಪಾಲು ಅಂದುಬಿಟ್ಟೆ. ಅತ್ತೆ ಏನೂ ಮಾತಾಡದೆ ಎದ್ದು ಹೋದರು. ಅಪ್ಪನಿಗೆ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ.

ವಾರದ ಮೇಲೆ, ಇಂಡಿಯನ್ ಕಾನೂನ್ ತಾಣದಲ್ಲಿ ಆ ತೀರ್ಪನ್ನು ಮುಂದೆ ಯಾರು ಯಾರು ಉಲ್ಲೇಖಿಸಿದ್ದಾರೆ ಅಂತ ನೋಡಿದೆ. 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಎದುರಾಯಿತು. ಮೂವರು ನ್ಯಾಯಮೂರ್ತಿಗಳ ಪೀಠ ಫೂಲವತಿಯನ್ನು ತಳ್ಳಿಹಾಕಿತ್ತು. ತಂದೆ ಬದುಕಿರಬೇಕೆಂಬ ಷರತ್ತೇ ಇಲ್ಲ. ಅತ್ತೆಯ ಪಾಲು ಕಾಲಲ್ಲ, ಅರ್ಧ. ಉಲ್ಲೇಖದ ಪಟ್ಟಿ ಕಂಡರೆ ಸಾಲದು, ಒಪ್ಪಿ ಉಲ್ಲೇಖಿಸಿದರೋ ತಳ್ಳಿ ಉಲ್ಲೇಖಿಸಿದರೋ ಓದಬೇಕು. ಸುಪ್ರೀಂ ಕೋರ್ಟಿನ ಅಧಿಕೃತ ವರದಿ 2023ರ ಜನವರಿಯಿಂದ ಇ-ಎಸ್‌ಸಿಆರ್‌ನಲ್ಲಿ ಉಚಿತ. ನೆಪಕ್ಕೆ ಜಾಗವಿಲ್ಲ.

ಇನ್ನೊಂದು ಗಂಟು ಉಳಿದಿತ್ತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ವಿಭಾಗಪತ್ರವೋ ಡಿಕ್ರಿಯೋ ಆಗಿದ್ದರೆ ಅದನ್ನು ಕೆದಕುವಂತಿಲ್ಲ. ಮೀಭೂಮಿಯ ಅಡಂಗಲ್, ಭೂಮಿಯ ಪಹಣಿ ಎರಡರಲ್ಲೂ ಅಪ್ಪನ ಹೆಸರೇ ಇದೆ. ಆದರೆ ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ವಿಭಾಗ ಆದಂತಲ್ಲ. ಎರಡೂ ರಾಜ್ಯಗಳಲ್ಲಿ ಈಸಿ ತೆಗೆಸಿದೆವು. ವಿಭಾಗಪತ್ರ ಯಾವುದೂ ಸಿಗಲಿಲ್ಲ. ಮೀಭೂಮಿ ತೆಲುಗಿನಲ್ಲಿ, ಅತ್ತೆಗೆ ಬರೋದು ಕನ್ನಡ ಮಾತ್ರ. ಸಾಲು ಸಾಲಾಗಿ ಓದಿ ಹೇಳಬೇಕಾಯಿತು.

ಚಾಟ್‌ನಲ್ಲಿ ಒಬ್ಬರು, ಇದನ್ನೆಲ್ಲ ಎಐಯನ್ನೇ ಕೇಳಬಹುದಿತ್ತಲ್ಲ ಅಂತ ಕೇಳಿದ್ದಾರೆ. ಕೇಳಿ, ಆದರೆ ಅದು ಕೊಟ್ಟ ತೀರ್ಪನ್ನು ಮೂಲದಲ್ಲಿ ತೆರೆದು ನೋಡಿ. ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟದ್ದಕ್ಕೆ 2023ರಲ್ಲಿ ನ್ಯೂಯಾರ್ಕಿನ ವಕೀಲರಿಗೆ 5,000 ಡಾಲರ್ ದಂಡ ಬಿತ್ತು.

ಅತ್ತೆ ಇನ್ನೂ ದಾವೆ ಹಾಕಿಲ್ಲ. ಹಾಕುವುದಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಕಲಮಿನಂತೆ ಎರಡೂ ಕಡೆಯ ಜಮೀನಿಗೆ ಒಂದೇ ಕೋರ್ಟು ಸಾಕು. ಅಪ್ಪ ಮಾತ್ರ ನನ್ನ ಹತ್ತಿರ ಎರಡು ದಿನ ಮಾತಾಡಲಿಲ್ಲ. ಪ್ರಶ್ನೆಗಳಿದ್ದರೆ ಕೇಳಿ.