ಮುಂಚೂಣಿಯಲ್ಲಿದ್ದವರೆಲ್ಲ ಗೆದ್ದವರಲ್ಲ

ಚುನಾವಣೆ ಬಂತೆಂದರೆ ಪತ್ರಿಕೆಗಳಲ್ಲಿ ‘ಮುಂಚೂಣಿ’ ಎಂಬ ಪದದ ಸುಗ್ಗಿ. ಇಂಥವರು ಮುಂಚೂಣಿಯಲ್ಲಿದ್ದಾರೆ ಎಂದು ಓದಿದ ಕೂಡಲೇ ಅವರು ಗೆದ್ದಂತೆಯೇ ಎಂದು ಭಾವಿಸುವವರು ಬಹಳ. ಆದರೆ ಪದದ ಮೂಲಾರ್ಥ ಅಷ್ಟು ಭರವಸೆ ಕೊಡುವುದಿಲ್ಲ.

‘ಚೂಣಿ’ ನಮ್ಮ ಹಳೆಯ ಕಾವ್ಯಗಳ ಯುದ್ಧವರ್ಣನೆಯಲ್ಲಿ ಬರುವ ಮಾತು. ಸೇನೆಯ ಮುಂಭಾಗ ಎಂಬುದು ಅದರ ಅರ್ಥ. ಅದಕ್ಕೆ ಮತ್ತೆ ‘ಮುನ್’ ಸೇರಿ ‘ಮುಂಚೂಣಿ’ಯಾಯಿತು. ವೈರಿಯ ಮೊದಲ ಏಟು ಬೀಳುವುದು ಈ ಪಡೆಯ ಮೇಲೆಯೇ. ಆದ್ದರಿಂದ ಪದ ಹೇಳುವುದು ನಿಂತ ಜಾಗವನ್ನು, ಗೆಲುವನ್ನಲ್ಲ. ಮತ ಎಣಿಕೆಯ ದಿನ ಬಳಸುವ ‘ಮುನ್ನಡೆ’ಯೇ ಬೇರೆ. ಮುನ್ನಡೆಗೆ ಅಂಕಿಯ ಆಧಾರವುಂಟು. ಮತದಾನಕ್ಕೆ ಮುಂಚಿನ ಮುಂಚೂಣಿಗೆ ಇರುವುದು ಅಂದಾಜು ಮಾತ್ರ.

ಹಾವೇರಿ ಜಿಲ್ಲೆಯನ್ನೇ ನೋಡಿ. ಹಿರೇಕೆರೂರಿನಲ್ಲಿ 2018ರಲ್ಲಿ ಬಿ.ಸಿ. ಪಾಟೀಲರು ಯು.ಬಿ. ಬಣಕಾರರನ್ನು ಸೋಲಿಸಿದ್ದು 555 ಮತಗಳಿಂದ. ಅಲ್ಲಿ ಮುಂಚೂಣಿಯವರು ಒಬ್ಬರಲ್ಲ, ಇಬ್ಬರು. 2023ರಲ್ಲಿ ಪಕ್ಷಗಳು ಅದಲು ಬದಲಾಗಿ ಅವರೇ ಎದುರುಬದುರಾದಾಗ ಗೆದ್ದವರು ಬಣಕಾರರು. ಹಾನಗಲ್ಲಿನಲ್ಲಿ 2021ರ ಉಪಚುನಾವಣೆ ನಡೆದಾಗ ಪಕ್ಕದ ಶಿಗ್ಗಾವಿಯ ಶಾಸಕ ಬಸವರಾಜ ಬೊಮ್ಮಾಯಿಯವರೇ ಮುಖ್ಯಮಂತ್ರಿ; ಆದರೂ ಗೆಲುವು ಕಾಂಗ್ರೆಸ್ಸಿನ ಶ್ರೀನಿವಾಸ ಮಾನೆಯವರದಾಯಿತು. ಸವಣೂರನ್ನೂ ಒಳಗೊಂಡ ಶಿಗ್ಗಾವಿ ಕ್ಷೇತ್ರ 2008ರಿಂದ ಸತತ ನಾಲ್ಕು ಸಲ ಬೊಮ್ಮಾಯಿಯವರಿಗೆ ಒಲಿದಿತ್ತು. 2024ರ ಉಪಚುನಾವಣೆಯಲ್ಲಿ ಅವರ ಮಗ ಭರತ್ ಅವರನ್ನು ಯಾಸಿರ್ ಅಹ್ಮದ್ ಖಾನ್ ಪಠಾಣ್ 13 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು.

ಇದೇ ಸೀಮೆಯ ಹೋರಿ ಬೆದರಿಸುವ ಸ್ಪರ್ಧೆಯಲ್ಲೂ ಮುಂದೆ ಓಡುವುದೊಂದೇ ಹಿರಿಮೆಯಲ್ಲ. ಕೊರಳ ಕೊಬ್ಬರಿಯನ್ನು ಯಾರ ಕೈಗೂ ಕೊಡದೆ ದಾಟಿದ ಹೋರಿಗೇ ಜನರ ಮೆಚ್ಚುಗೆ. ಅದು ಗೊತ್ತಾಗುವುದು ಹೋರಿ ಅಖಾಡ ದಾಟಿದ ಮೇಲೆ.

ಪದದ ಹದ ತಪ್ಪಿದರೆ ನಷ್ಟ ಮತದಾರನಿಗೆ. ಕಣದಲ್ಲಿ ಹತ್ತು ಮಂದಿ ಇರುವಾಗ ಇಬ್ಬರನ್ನೇ ಮುಂಚೂಣಿಯವರೆಂದು ದಿನವೂ ಬರೆದರೆ, ಉಳಿದವರಿಗೆ ಹಾಕುವ ಮತ ದಂಡವೆಂಬ ಭಾವನೆ ತಾನಾಗಿ ಬೇರೂರುತ್ತದೆ. ಮತಗಟ್ಟೆ ಸಮೀಕ್ಷೆಯ ಫಲಿತಾಂಶವನ್ನು ಮತದಾನ ಮುಗಿಯುವ ತನಕ ಪ್ರಕಟಿಸಬಾರದೆಂದು ಪ್ರಜಾಪ್ರಾತಿನಿಧ್ಯ ಕಾಯ್ದೆಯ 126ಎ ಕಲಂ ಹೇಳುತ್ತದೆ. ಒಂದು ಪದಕ್ಕೆ ಅಂಥ ಕಟ್ಟಳೆ ಸಾಧ್ಯವಿಲ್ಲ. ಯಾರ ಲೆಕ್ಕದಲ್ಲಿ, ಯಾವ ಆಧಾರದ ಮೇಲೆ ಮುಂಚೂಣಿ ಎಂದು ಬರೆಯುವವರು ತಿಳಿಸಬೇಕು, ಓದುವವರು ಕೇಳಬೇಕು.