ಕಂಪಾಸ್ ಬಾಕ್ಸಿನೊಳಗಿನ ಕ್ರಿಕೆಟಿಗರು

ಬಬಲ್ ಗಮ್ ಜೊತೆ ಬಂದ ರನ್ನು, ವಿಕೆಟ್ಟು. ಜಗಲಿಯ ಮೇಲೆ ಹಂಚಿಕೊಂಡ ಟ್ರಂಪ್ ಕಾರ್ಡು. ಒಂದು ತಲೆಮಾರಿನ ಮಕ್ಕಳು ಕೂಡಿಟ್ಟ ಆ ಕ್ರಿಕೆಟ್ ಸಂಪತ್ತು ಎಲ್ಲಿ ಹೋಯಿತು?

1993ರ ನವೆಂಬರ್ 27ರಂದು ಈಡನ್ ಗಾರ್ಡನ್ಸಿನಲ್ಲಿ ಅನಿಲ್ ಕುಂಬ್ಳೆ 12 ರನ್ನಿಗೆ 6 ವಿಕೆಟ್ ಕಿತ್ತು ವೆಸ್ಟ್ ಇಂಡೀಸನ್ನು ಮಲಗಿಸಿದರು. ಹೀರೋ ಕಪ್ ನಮ್ಮದಾಯಿತು. ಮನೆಯ ದೊಡ್ಡವರು ಟಿ.ವಿ. ಆರಿಸಿ ಎದ್ದರು. ನಮ್ಮ ಓರಗೆಯ ಹುಡುಗರ ತಲೆಯಲ್ಲಿ ಮಾತ್ರ ಬೇರೆಯದೇ ಲೆಕ್ಕ ಶುರುವಾಗಿತ್ತು. ಮುಂದೆ ಬರುವ ಟ್ರಂಪ್ ಕಾರ್ಡ್ ಸೆಟ್ಟಿನಲ್ಲಿ ಕುಂಬ್ಳೆಯ ‘ಬೆಸ್ಟ್ ಬೌಲಿಂಗ್’ ಸಾಲಿಗೆ ಎದುರೇ ಇರುವುದಿಲ್ಲ. ಆಗ ಆಡುತ್ತಿದ್ದವರ ಪೈಕಿ ಹೆದರಬೇಕಾದದ್ದು ಪಾಕಿಸ್ತಾನದ ಆಕಿಬ್ ಜಾವೇದ್ ಒಬ್ಬನಿಗೆ; 1991ರಲ್ಲಿ ಶಾರ್ಜಾದಲ್ಲಿ ನಮ್ಮ ಮೇಲೆಯೇ 37ಕ್ಕೆ 7 ತೆಗೆದಿದ್ದನಲ್ಲ!

ಟಿ.ವಿ.ಯಲ್ಲಿ ನೋಡಿದ್ದು, ರೇಡಿಯೊದಲ್ಲಿ ಕೇಳಿದ್ದು ಎಷ್ಟೋ ಅಷ್ಟೇ ಕ್ರಿಕೆಟ್ಟನ್ನು ನಾವು ಕೈಯಲ್ಲಿ ಹಿಡಿದು ಕಲಿತವರು.

ನನಗಿಂತ ನಾಲ್ಕೈದು ವರ್ಷ ದೊಡ್ಡವರಿಗೆ ಈ ಗೀಳು ಹತ್ತಿಸಿದ್ದು ಬಿಗ್ ಫನ್ ಬಬಲ್ ಗಮ್. ಭಾರತ ಮತ್ತು ಪಾಕಿಸ್ತಾನದಲ್ಲಿ 1987ರ ವಿಶ್ವಕಪ್ ನಡೆದ ಆಸುಪಾಸಿನ ಕಾಲ. ಗಮ್ಮಿನ ಜೊತೆ ಕ್ರಿಕೆಟಿಗನ ಪುಟ್ಟ ಚಿತ್ರ ಬರುತ್ತಿತ್ತು, ಅದರಲ್ಲಿ ಇಷ್ಟು ರನ್, ಇಲ್ಲವೇ ವಿಕೆಟ್ ಎಂದು ಅಚ್ಚಾಗಿರುತ್ತಿತ್ತು. ಹೇಳಿದಷ್ಟು ರನ್ನು, ವಿಕೆಟ್ಟು ಕೂಡಿಸಿ ಕೊಟ್ಟರೆ ಒಂದು ಫ್ಲಿಪ್ ಬುಕ್. ಅಂಗೈಯಗಲದ ಆ ಪುಸ್ತಕದ ಅಂಚನ್ನು ಹೆಬ್ಬೆರಳಲ್ಲಿ ಒತ್ತಿ ಸರಸರ ಬಿಟ್ಟರೆ ಆಟಗಾರ ಕಣ್ಣೆದುರೇ ಚಲಿಸುತ್ತಿದ್ದ. ನಿಧಾನ ಬಿಟ್ಟರೆ ಮಣಿಕಟ್ಟು ಎಲ್ಲಿ ತಿರುಗಿತು ಎಂಬುದೂ ಕಾಣುತ್ತಿತ್ತು. ಸ್ಲೋ ಮೋಷನ್ನಿನ ಯಜಮಾನಿಕೆ ಹುಡುಗನ ಹೆಬ್ಬೆರಳಿನದು. ಮನೆಯಲ್ಲಿ ಟಿ.ವಿ.ಯೇ ಇಲ್ಲದ ಹುಡುಗನಿಗೆ ಇದು ಎಂಥ ಸಂಭ್ರಮವೆಂಬುದನ್ನು ಇವತ್ತಿನ ಮಕ್ಕಳಿಗೆ ಬಿಡಿಸಿ ಹೇಳುವುದು ಕಷ್ಟ.

ನಮ್ಮ ಬೀದಿಯ ಶೆಟ್ಟರ ಅಂಗಡಿಯಲ್ಲಿ ರನ್ನಿಗೆ ಬರವಿರಲಿಲ್ಲ, ವಿಕೆಟ್ ಸಿಗುವುದೇ ದುರ್ಲಭ. ಹಾಗಾಗಿ ವಿಕೆಟ್ಟಿಗೆ ಬೀದಿಯಲ್ಲೇ ಒಂದು ಮಾರುಕಟ್ಟೆ ಹುಟ್ಟಿತು. ಒಂದು ವಿಕೆಟ್ಟಿಗೆ ಇಷ್ಟು ಸಿಕ್ಸರ್, ಮೇಲೆ ಎರಡು ಗೋಲಿ. ‘ನನ್ಹತ್ರ ಡಬಲ್ ಇದೆ ಕಣೋ’ ಎಂದು ಒಬ್ಬ ಬಾಯಿ ಬಿಟ್ಟನೆಂದರೆ ಸಂಜೆಯೊಳಗೆ ಮೂರು ಮನೆಯ ಹುಡುಗರು ಅವನ ಬಾಗಿಲಲ್ಲಿ.

ಆಮೇಲೆ ಬಂದದ್ದು ಟ್ರಂಪ್ ಕಾರ್ಡುಗಳ ಕಾಲ. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕಿಳಿದ ‘ಟಾಪ್ ಟ್ರಂಪ್ಸ್’ ಮಾದರಿಯದೇ ಈ ಆಟ. ನಮ್ಮಲ್ಲಿ ಅದು ಕ್ರಿಕೆಟ್ ಮತ್ತು ಡಬ್ಲ್ಯುಡಬ್ಲ್ಯುಎಫ್ ಕುಸ್ತಿಯ ವೇಷ ತೊಟ್ಟು ಪೆಟ್ಟಿ ಅಂಗಡಿಗೂ ಜಾತ್ರೆಯ ಮಳಿಗೆಗೂ ಬಂತು. ಕಾರ್ಡು ಸಮನಾಗಿ ಹಂಚಬೇಕು. ತನ್ನ ಮೇಲಿನ ಕಾರ್ಡು ನೋಡಿ ಒಬ್ಬ ‘ರನ್ಸ್, 4,200’ ಎನ್ನುತ್ತಾನೆ. ಹೆಚ್ಚು ಇದ್ದವನಿಗೆ ಎಲ್ಲರ ಕಾರ್ಡೂ ಸೇರುತ್ತದೆ. ಜಗಳ ಶುರುವಾಗುತ್ತಿದ್ದದ್ದು ಬೌಲಿಂಗ್ ಸರಾಸರಿ ಕರೆದಾಗ. ಹೆಚ್ಚಿದ್ದವನು ಗೆದ್ದನೋ ಕಡಿಮೆಯಿದ್ದವನೋ? ಒಂದು ವಿಕೆಟ್ಟಿಗೆ ಕಡಿಮೆ ರನ್ ಕೊಟ್ಟವನೇ ಒಳ್ಳೆಯ ಬೌಲರ್ ಎಂದು ಏಳನೇ ಕ್ಲಾಸಿನ ಅಣ್ಣಂದಿರು ತೀರ್ಪು ಕೊಡುತ್ತಿದ್ದರು. ಲೆಕ್ಕದ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಸರಾಸರಿ ಬರೆಯುವ ಮೊದಲೇ ಅದು ನಮಗೆ ಗೊತ್ತಿತ್ತು.

ಈ ಆಟದಲ್ಲಿ ಸೋಲುವ ಕಾರ್ಡಿಗೂ ಕೆಲಸವಿತ್ತು. ವೆಸ್ಟ್ ಇಂಡೀಸಿನ ಬೌಲರ್ ಕರ್ಟ್ನಿ ವಾಲ್ಶ್ ಕೈಗೆ ಬಂದರೆ ಬ್ಯಾಟಿಂಗ್ ಸಾಲುಗಳ ಮೇಲೆ ಬೆರಳಿಟ್ಟುಕೊಂಡು, ವಿಕೆಟ್ ಕರೆಯುವ ಸರದಿ ನಮಗೇ ಬರಲಿ ಎಂದು ಕಾಯಬೇಕು. ನಮ್ಮ ಜಗಳ ಕೇಳಿ ನಗುತ್ತಿದ್ದ ಅಪ್ಪ ಒಮ್ಮೆ, ‘ಚಂದ್ರಶೇಖರ್ ಕಾರ್ಡು ಇದ್ದಿದ್ರೆ ಏನು ಮಾಡ್ತಿದ್ರೋ?’ ಎಂದರು. ನಮಗೆ ಅರ್ಥವಾಗಲಿಲ್ಲ. ಮೈಸೂರಿನ ಬಿ.ಎಸ್. ಚಂದ್ರಶೇಖರ್ 58 ಟೆಸ್ಟುಗಳಲ್ಲಿ ತೆಗೆದದ್ದು 242 ವಿಕೆಟ್, ಹೊಡೆದದ್ದು 167 ರನ್. ವಿಕೆಟ್ ಸಾಲಿನಲ್ಲಿ ಸಿಂಹ, ರನ್ ಸಾಲಿನಲ್ಲಿ ಯಾರಿಗೂ ಬೇಡದ ಕಾರ್ಡು. ಸಂಖ್ಯೆಯ ಹಿಂದೆ ಒಬ್ಬ ಮನುಷ್ಯನಿದ್ದಾನೆ ಎಂದು ನನಗೆ ಮೊದಲು ಹೊಳೆದದ್ದು ಆ ಸಂಜೆ. ಇವತ್ತಿಗೂ ಸ್ಕೋರ್ ಪಟ್ಟಿಯನ್ನು ನಾನು ಹಾಗೆಯೇ ಓದುತ್ತೇನೆ.

ಕನ್ನಡದ ಮಕ್ಕಳಿಗೆ 1990ರ ದಶಕ ಸುಗ್ಗಿ. 1996ರ ಡಿಸೆಂಬರಿನ ಡರ್ಬನ್ ಟೆಸ್ಟಿನಲ್ಲಿ ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್, ದ್ರಾವಿಡ್, ಡೇವಿಡ್ ಜಾನ್ಸನ್ ಹೀಗೆ ಕರ್ನಾಟಕದ ಐವರು ಭಾರತದ ಹನ್ನೊಂದರಲ್ಲಿದ್ದರು. ನಮ್ಮವರ ಕಾರ್ಡನ್ನು ಯಾವ ಬೆಲೆಗೂ ಬಿಟ್ಟುಕೊಡಬಾರದು ಎಂಬುದು ನಮ್ಮ ಬೀದಿಯ ಅಲಿಖಿತ ಕಾನೂನು.

ಅಮೆರಿಕದಲ್ಲಿ ಇದೇ ಗೀಳು ಬೇರೆ ದಾರಿ ಹಿಡಿಯಿತು. ಅಲ್ಲೂ ಬೇಸ್‌ಬಾಲ್ ಕಾರ್ಡು ಬಂದದ್ದು ಗಮ್ಮಿನ ಜೊತೆಗೇ. ಟಾಪ್ಸ್ ಕಂಪನಿ 1952ರ ಕಾರ್ಡುಗಳಲ್ಲಿ ಮಾರಾಟವಾಗದೆ ಉಳಿದದ್ದನ್ನು 1960ರಲ್ಲಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿತು. ಅದೇ 1952ರ, ಮಿಕಿ ಮ್ಯಾಂಟಲ್ ಎಂಬ ಆಟಗಾರನ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಹಳೆಯ ಕಾರ್ಡಿಗೆ ದುಡ್ಡಿದೆ ಎಂಬ ಸುದ್ದಿ 1980ರ ದಶಕದಲ್ಲಿ ಹಬ್ಬಿದಾಗ ಮಕ್ಕಳೂ ದೊಡ್ಡವರೂ ಕಾರ್ಡು ಮುಟ್ಟದೆ ಪ್ಲಾಸ್ಟಿಕ್ಕಿನೊಳಗೆ ಇಟ್ಟರು. ಕಂಪನಿಗಳು ಅಚ್ಚು ಹಾಕಿದ್ದೇ ಹಾಕಿದ್ದು. ಎಲ್ಲರ ಮನೆಯಲ್ಲೂ ಇರುವ ವಸ್ತುವಿಗೆ ಬೆಲೆ ಎಲ್ಲಿಂದ ಬರಬೇಕು? 1994ರ ಆಗಸ್ಟಿನಲ್ಲಿ ಆಟಗಾರರು ಮುಷ್ಕರ ಹೂಡಿ, ಬೇಸ್‌ಬಾಲಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸೇ ನಡೆಯದೆ ಹೋದ ಮೇಲೆ ಆ ಪೇಟೆ ಕುಸಿಯಿತು.

ನಮ್ಮ ಕಾರ್ಡುಗಳನ್ನು ಯಾರೂ ಬಂಡವಾಳವೆಂದು ನೋಡಲಿಲ್ಲ. ಕೈಬೆವರಿಗೆ ಅಂಚು ಮೆತ್ತಗಾಗಿ, ರಬ್ಬರ್ ಬ್ಯಾಂಡಿನ ಗಾಯ ನಡುವಿಗೆ ಬಿದ್ದು, ಕಂಪಾಸ್ ಬಾಕ್ಸಿನ ತುಕ್ಕು ಹಿಡಿದು, ಅವು ಆಡಿ ಸವೆದವು. ನನ್ನ ಮಟ್ಟಿಗೆ ಇದೇ ಹೆಚ್ಚಿನ ಬದುಕು. ಆದರೆ ಸವೆದದ್ದಕ್ಕೆ ಬದಲು ಹೊಸದು ಬರಬೇಕಿತ್ತು, ಅದು ನಿಂತಿತು. ಕೇಬಲ್ ಬಂದು ದಿನವೂ ಒಂದು ಪಂದ್ಯ ಎಂಬಂತಾಯಿತು. ಇಂಟರ್‌ನೆಟ್ ಬಂದ ಮೇಲೆ ಅಂಕಿಅಂಶ ಕ್ಷಣಕ್ಷಣಕ್ಕೂ ಬದಲಾಗತೊಡಗಿ, ಕಾರ್ಡಿನ ಸಂಖ್ಯೆ ಹಳೆಯ ಪಂಚಾಂಗವಾಯಿತು. 2000ದ ಏಪ್ರಿಲ್‌ನಲ್ಲಿ ಮ್ಯಾಚ್ ಫಿಕ್ಸಿಂಗ್ ಸುದ್ದಿ ಸಿಡಿದಾಗ ನನ್ನ ಚಿಕ್ಕಮ್ಮನ ಮಗ ಇನ್ನೂ ಆಡುವ ವಯಸ್ಸಿನವನು. ಅದರಲ್ಲಿ ಸಿಕ್ಕಿಬಿದ್ದ ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆಯ ಕಾರ್ಡನ್ನು ಇಟ್ಟುಕೊಳ್ಳಬೇಕೋ ತೆಗೆದುಹಾಕಬೇಕೋ ಎಂದು ಅವನು ಗೆಳೆಯರನ್ನು ಕೇಳುತ್ತಿದ್ದ. ಸಂಖ್ಯೆ ಸುಳ್ಳಾಡುವುದಿಲ್ಲ ಎಂಬ ನಂಬಿಕೆಯ ಮೇಲೆ ನಿಂತ ಆಟಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿರಲಿಲ್ಲ.

2010ರ ದಶಕದಲ್ಲಿ ಟಾಪ್ಸ್ ಐಪಿಎಲ್ ಕಾರ್ಡುಗಳನ್ನು ಮಾರಿತು. 2021ರಿಂದೀಚೆಗೆ ಮುಟ್ಟಲಾಗದ ಡಿಜಿಟಲ್ ಕಾರ್ಡುಗಳೂ ಬಂದವು. ಆಟಗಾರರ ಹೆಸರು, ಚಿತ್ರಗಳನ್ನು ಅವುಗಳಲ್ಲಿ ಬಳಸುವ ಹಕ್ಕು ಯಾರದೆಂಬ ವ್ಯಾಜ್ಯ 2023ರಲ್ಲಿ ದೆಹಲಿ ಹೈಕೋರ್ಟಿನವರೆಗೂ ಹೋಯಿತು. ಇವು ಯಾವುವೂ ನಮ್ಮ ಜಗಲಿಯ ಆಟವನ್ನು ಮರಳಿ ತರಲಿಲ್ಲ. ಪಕ್ಕದ ಮನೆಯವನ ಹತ್ತಿರ ಇಲ್ಲದ್ದು ನನ್ನ ಹತ್ತಿರ ಇದೆ, ಅದಕ್ಕಾಗಿ ಅವನು ನಮ್ಮ ಮನೆಗೆ ಬರಲೇಬೇಕು ಎಂಬ ಪರಿಸ್ಥಿತಿ ಫೋನಿನೊಳಗೆ ಹುಟ್ಟುವುದಿಲ್ಲ.

ನನ್ನ ಕಳಕಳಿ ಇಷ್ಟೇ: ಉಳಿದಿರುವಷ್ಟನ್ನಾದರೂ ರದ್ದಿಗೆ ಹಾಕಬೇಡಿ. ನಾನು ಕಂಡ ಎಷ್ಟೋ ಸೆಟ್ಟುಗಳ ಮೇಲೆ ಅಚ್ಚಾದ ವರ್ಷವಿಲ್ಲ, ಅಚ್ಚು ಹಾಕಿದವರ ಹೆಸರಿಲ್ಲ. ಆದರೂ ಅವುಗಳ ವಯಸ್ಸನ್ನು ಅವುಗಳಿಂದಲೇ ಕೇಳಿ ತಿಳಿಯಬಹುದು. ತೆಂಡೂಲ್ಕರ್ ಕಾರ್ಡಿನಲ್ಲಿ ಏಕದಿನ ಶತಕ ‘0’ ಎಂದಿದ್ದರೆ ಆ ಲೆಕ್ಕ 1994ರ ಸೆಪ್ಟೆಂಬರ್ 9ಕ್ಕಿಂತ ಹಿಂದಿನದು; ಕೊಲಂಬೊದಲ್ಲಿ ಅವರ ಮೊದಲ ಏಕದಿನ ಶತಕ ಬಂದದ್ದು ಅಂದು. ಪಾಕಿಸ್ತಾನದ ಸಯೀದ್ ಅನ್ವರ್ ಅವರ ಏಕದಿನ ಗರಿಷ್ಠ ‘194’ ಆಗಿದ್ದರೆ 1997ರ ಮೇ ನಂತರದ್ದು. ಕಪಿಲ್ ದೇವ್ ಕಾರ್ಡು ಸಿಕ್ಕರೆ ಟೆಸ್ಟ್ ವಿಕೆಟ್ಟಿನ ಸಾಲು ನೋಡಿ. 434 ಆಗಿದ್ದರೆ ಅವರು ಟೆಸ್ಟ್ ಆಟ ಮುಗಿಸಿದ ಮೇಲಿನ ಸೆಟ್ಟು. ಎಲ್ಲಾದರೂ 431 ಕಂಡರೆ ಜೋಪಾನ ಮಾಡಿ: ಬೆಂಗಳೂರಿನ ಟೆಸ್ಟಿನಲ್ಲಿ ವಿಶ್ವದಾಖಲೆಯ ಒಡೆಯ, ನ್ಯೂಜಿಲೆಂಡಿನ ರಿಚರ್ಡ್ ಹ್ಯಾಡ್ಲಿಯನ್ನು ಸರಿಗಟ್ಟಿದ ಕಪಿಲ್, 1994ರ ಫೆಬ್ರವರಿ 8ರಂದು ಅಹಮದಾಬಾದಿನಲ್ಲಿ ಅವರನ್ನು ದಾಟುವವರೆಗೆ ಆ ಸಂಖ್ಯೆ ಬದುಕಿದ್ದು ಕೆಲವೇ ದಿನ.