ತೊಟ್ಟಿಕ್ಕುವ ನಲ್ಲಿಗೊಂದು ಮನೆಮದ್ದು

"ಹನಿ ಹನಿ ಕೂಡಿದರೆ ಹಳ್ಳ" ಎಂದು ಹಿರಿಯರು ಹೇಳಿದ್ದು ಉಳಿತಾಯದ ಬಗ್ಗೆ. ಸೋರುವ ನಲ್ಲಿಯ ವಿಷಯದಲ್ಲಿ ಆ ಮಾತು ತಿರುಗುಬಾಣವಾಗುತ್ತದೆ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕಿದರೆ ವರ್ಷಕ್ಕೆ 3,000 ಗ್ಯಾಲನ್‌ಗಿಂತ ಹೆಚ್ಚು ನೀರು ಪೋಲು ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ. ಅಂದರೆ 11,000 ಲೀಟರ್‌ಗೂ ಮೇಲೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ನಮ್ಮವರು ಕಾದು ಕಾದು ತರಿಸಿಕೊಂಡ 6,000 ಲೀಟರಿನ ಟ್ಯಾಂಕರ್‌ಗಳ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡು ಟ್ಯಾಂಕರ್! ಸೋರುವುದು ಬಿಸಿನೀರಾದರೆ ಗ್ಯಾಸ್ ಅಥವಾ ಕರೆಂಟ್ ಬಿಲ್ಲೂ ಜೊತೆಗೆ.

ಊರಿನ ಹಳೆಯ ನಲ್ಲಿಯಲ್ಲಿ ರಬ್ಬರ್ ವಾಷರ್ ಇರುತ್ತಿತ್ತು. ಸೋರಿದರೆ ಇನ್ನೊಂದು ಸುತ್ತು ಬಿಗಿಯುತ್ತಿದ್ದೆವು, ಕಡೆಗೆ ವಾಷರ್ ಬದಲಿಸುತ್ತಿದ್ದೆವು. ಇಲ್ಲಿನ ಮನೆಗಳಲ್ಲಿ ಈಗ ಸಾಮಾನ್ಯವಾಗಿರುವ ಸೆರಾಮಿಕ್ ಡಿಸ್ಕ್ ನಲ್ಲಿಯ ಕಥೆಯೇ ಬೇರೆ. ಅಜ್ಜಿಯ ಮನೆಯ ರಾಗಿ ಬೀಸುವ ಕಲ್ಲನ್ನು ನೆನಪಿಸಿಕೊಳ್ಳಿ: ಕೆಳಗಿನದು ಸ್ಥಿರ, ಮೇಲಿನದು ತಿರುಗುತ್ತದೆ. ಇಲ್ಲೂ ಹಾಗೆಯೇ ಎರಡು ಬಿಲ್ಲೆಗಳು. ಎರಡರಲ್ಲೂ ತೂತುಗಳಿವೆ. ತೂತಿಗೆ ತೂತು ಕೂಡಿದಾಗ ನೀರು, ತಪ್ಪಿದಾಗ ಬಂದ್. ಬಿಲ್ಲೆಗಳನ್ನು ಕನ್ನಡಿಯಷ್ಟು ನುಣುಪಾಗಿ ಉಜ್ಜಿರುವುದರಿಂದ ನಡುವೆ ನೀರು ನುಸುಳುವುದಿಲ್ಲ. ಇಲ್ಲಿ ನೀರು ನಿಲ್ಲುವುದು ಬಿಗಿತದಿಂದಲ್ಲ, ಬಿಲ್ಲೆ ನಿಂತ ಜಾಗದಿಂದ. ಆದ್ದರಿಂದ ಬಲವಾಗಿ ತಿರುಗಿಸಿ ಪ್ರಯೋಜನವಿಲ್ಲ. ಊರಿನಿಂದ ಬಂದ ಅಪ್ಪ-ಅಮ್ಮನಿಗೂ ಇದನ್ನು ಹೇಳಿಡಿ!

ಈ ಬಿಲ್ಲೆಗಳು ಸಾಮಾನ್ಯವಾಗಿ ಅಲ್ಯೂಮಿನಾದವು. ಉಕ್ಕಿಗಿಂತಲೂ ಗಟ್ಟಿ, ಸುಲಭವಾಗಿ ಸವೆಯುವುದಿಲ್ಲ. ಹಾಗಾದರೆ ಸೋರುವುದೇಕೆ? ಕಾರಣಗಳು ಮುಖ್ಯವಾಗಿ ಮೂರು.

ಮೊದಲನೆಯದು ಸುಣ್ಣದ ಪೊರೆ. ವಾಷಿಂಗ್ಟನ್ ಸುತ್ತಮುತ್ತ ನಾವು ಕುಡಿಯುವ ಪೊಟೊಮ್ಯಾಕ್ ನೀರು ಸುಣ್ಣಕಲ್ಲಿನ ನಾಡನ್ನು ಹಾದು ಬರುವುದರಿಂದ ಸ್ವಲ್ಪ ಗಡಸು. ಅಟ್ಲಾಂಟಾದ ಚಟ್ಟಹೂಚಿ, ಷಾರ್ಲಟ್‌ನ ಕಟಾಬಾ ನೀರು ಮೆದು, ಅಲ್ಲಿ ಈ ಕಾಟ ಕಡಿಮೆ.

ಎರಡನೆಯದು ಮರಳು, ತುಕ್ಕಿನ ಚೂರು. ಬೀದಿಯ ದೊಡ್ಡ ಕೊಳವೆ ಒಡೆದು ರಿಪೇರಿಯಾದ ಮೇಲೆ ಇವು ಮನೆಯೊಳಕ್ಕೆ ಬರಬಹುದು. 2024ರ ಮೇ ಕೊನೆಯಲ್ಲಿ ಅಟ್ಲಾಂಟಾದಲ್ಲಿ ಕೊಳವೆಗಳು ಒಡೆದು ಹಲವು ದಿನ ನೀರಿಗೆ ಪರದಾಟವಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಬಡಿದ ಆಶ್‌ವಿಲ್‌ನಲ್ಲಿ ಕುಡಿಯುವ ನೀರು ಮರಳಿ ಬರಲು ನವೆಂಬರ್ ಆಯಿತು. ಇಂಥ ಸಮಯದಲ್ಲಿ ನೀರು ಬಂದೊಡನೆ ಮೊದಲು ಬಾತ್‌ಟಬ್ಬಿನ ನಲ್ಲಿಯನ್ನು ಮೆಲ್ಲಗೆ ತೆರೆದು ಕೆಸರನ್ನೂ ಗಾಳಿಯನ್ನೂ ಹೋಗಗೊಡಿ. ಗಾಳಿ ಒಮ್ಮೆಲೇ ನುಗ್ಗಿದರೆ ಬಿಲ್ಲೆ ಬಿರುಕು ಬಿಡುವುದೂ ಉಂಟು.

ಮೂರನೆಯದು ಬಿಲ್ಲೆಯ ಕೆಳಗಿನ ರಬ್ಬರ್ ಸೀಲ್. ವರ್ಷಗಳು ಕಳೆದಂತೆ ಅದು ಗಟ್ಟಿಯಾಗುತ್ತದೆ. ವಾಷಿಂಗ್ಟನ್ನಿನಲ್ಲಿ 2000ದಿಂದ ಬಳಕೆಯಲ್ಲಿರುವ ಕ್ಲೋರಮೈನ್ ಕೆಲವು ಬಗೆಯ ರಬ್ಬರನ್ನು ಬೇಗ ಹಾಳುಮಾಡುತ್ತದೆ.

ಇನ್ನು ರಿಪೇರಿ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ಮೊದಲು ಡೀಬಗ್ ಮಾಡಬೇಕು. ಸಿಂಕಿನ ಕೆಳಗೆ ಬಿಸಿನೀರಿಗೊಂದು, ತಣ್ಣೀರಿಗೊಂದು ವಾಲ್ವ್ ಇರುತ್ತದೆ. ಒಂದೊಂದಾಗಿ ಮುಚ್ಚಿ ನೋಡಿ. ಯಾವುದನ್ನು ಮುಚ್ಚಿದಾಗ ಹನಿ ನಿಂತಿತೋ ತೊಂದರೆ ಆ ಕಡೆಯದು. ಬಳಿಕ ಹೀಗೆ ಮಾಡಿ:

1. ಎರಡೂ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಉಳಿದ ನೀರನ್ನು ಹರಿಯಬಿಡಿ. ಸಿಂಕಿನ ತೂತಿಗೆ ಬಟ್ಟೆ ತುರುಕಿ, ಸ್ಕ್ರೂ ಬಿದ್ದರೆ ಸಿಕ್ಕುವುದು ಕಷ್ಟ!
2. ಹಿಡಿಯ ಮೇಲಿನ ಬಣ್ಣದ ಮುಚ್ಚಳ ಎಬ್ಬಿಸಿದರೆ ಅಥವಾ ಹಿಡಿಯ ಬುಡ ನೋಡಿದರೆ ಸ್ಕ್ರೂ ಕಾಣುತ್ತದೆ. ಅದನ್ನು ಬಿಚ್ಚಿ ಹಿಡಿ ತೆಗೆಯಿರಿ.
3. ಒಳಗಿನ ನಟ್ಟನ್ನು ಸ್ಪ್ಯಾನರಿನಿಂದ ಬಿಚ್ಚಿ. ಕಾರ್ಟ್ರಿಜ್ ಎತ್ತುವ ಮುನ್ನ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.
4. ಬಿಳಿ ವಿನಿಗರ್‌ನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಮೆತ್ತನೆಯ ಬಟ್ಟೆಯಿಂದ ಒರೆಸಿ ತೊಳೆಯಿರಿ. ಚಾಕು, ಸ್ಟೀಲ್ ಜುಂಗು ಬೇಡವೇ ಬೇಡ. ಕಾರ್ಟ್ರಿಜ್ ಕೂರುವ ಜಾಗವನ್ನೂ ಒರೆಸಿ.
5. ಸೀಲ್ ಚಪ್ಪಟೆಯಾಗಿದ್ದರೆ, ಸೀಳಿದ್ದರೆ ಬದಲಿಸಿ. ಹಚ್ಚುವುದಾದರೆ ಸಿಲಿಕೋನ್ ಗ್ರೀಸ್ ಮಾತ್ರ. ವ್ಯಾಸಲೀನ್ ರಬ್ಬರನ್ನು ಕೆಡಿಸುತ್ತದೆ.
6. ಮತ್ತೆ ಜೋಡಿಸಿ, ನಲ್ಲಿಯನ್ನು ತೆರೆದೇ ಇಟ್ಟು, ವಾಲ್ವ್‌ಗಳನ್ನು ನಿಧಾನವಾಗಿ ತಿರುಗಿಸಿ.

ಬಿಲ್ಲೆಯೇ ಬಿರುಕು ಬಿಟ್ಟಿದ್ದರೆ ಹೊಸ ಕಾರ್ಟ್ರಿಜ್ ಬೇಕು. ಎರಡು ಹಿಡಿಯ ನಲ್ಲಿಗಳಲ್ಲಿ ಎಡದ್ದು, ಬಲದ್ದು ಬೇರೆ ಬೇರೆ ಇರಬಹುದು. ಹಳೆಯದನ್ನು ಜೊತೆಗೇ ಅಂಗಡಿಗೆ ಒಯ್ಯಿರಿ. ದುಡ್ಡು ಕೊಡುವ ಮೊದಲು ಕಂಪನಿಗೊಂದು ಫೋನ್ ಮಾಡಿ. ಮೋಯೆನ್, ಡೆಲ್ಟಾ ಮುಂತಾದವು ಮನೆಬಳಕೆಯ ನಲ್ಲಿಗಳಿಗೆ ಮೊದಲ ಖರೀದಿದಾರರಿಗೆ ಲೈಫ್‌ಟೈಮ್ ವಾರಂಟಿ ಕೊಡುತ್ತವೆ.

ಇಷ್ಟಾದರೂ ಹೊಸ ಕಾರ್ಟ್ರಿಜ್ ಪದೇ ಪದೇ ಸೋರಿದರೆ ಮನೆಯ ನೀರಿನ ಒತ್ತಡ ಅಳೆಯಿರಿ. ಹೊರಗಿನ ನಲ್ಲಿಗೆ ತಿರುಗಿಸಿ ಹಾಕುವ ಗೇಜ್ ಸಿಗುತ್ತದೆ. 80 ಪಿ.ಎಸ್.ಐ. ದಾಟಿದ್ದರೆ ಒತ್ತಡ ತಗ್ಗಿಸುವ ವಾಲ್ವ್ ಕಡೆ ಗಮನ ಕೊಡಬೇಕು. ಅದು ಪ್ಲಂಬರ್ ಕೆಲಸ.

ಮುಂದಿನ ಶನಿವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ, ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಟಾರ್ಚ್ ಹಿಡಿಯುವ ಕೆಲಸ ಅವರಿಗಿರಲಿ. ನೀರಿನ ಬೆಲೆ ಅವರಿಗೆ ತಿಳಿಸಲು ಉಪದೇಶಕ್ಕಿಂತ ಇದೇ ವಾಸಿ.